ದಂಡೋತಿ ಇರುವ ನಕಾಶೆ

ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ದೇವರ ಫೋಟೋಗಳಿಗಿಂತ ದೊಡ್ಡದಾದ ಒಂದು ಚೌಕಟ್ಟಿದೆ. ಅದರೊಳಗಿರುವುದು ನಮ್ಮ ಸೀಮೆಯ ಹಳೆಯ ನಕಾಶೆ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದದ್ದು. ತಗಡು ಒತ್ತಿದ ಗುರುತು ಕಾಗದದ ನಾಲ್ಕೂ ಅಂಚಿಗೆ ಇನ್ನೂ ತಗ್ಗಾಗಿ ಕಾಣುತ್ತದೆ. ಬಂದವರೆಲ್ಲ ಅದನ್ನು ಹೊಗಳುತ್ತಾರೆ. ನನಗೆ ಮಾತ್ರ ಬಹಳ ಕಾಲ ಅದನ್ನು ಕಂಡರೆ ಆಗುತ್ತಿರಲಿಲ್ಲ.

ತಂದವರು ಬೇರೆ ಯಾರೂ ಅಲ್ಲ, ನನ್ನ ಗಂಡನೇ. ಅವರಿಗೆ ವಾಡಿಯಲ್ಲಿ ರೈಲ್ವೆ ನೌಕರಿ. ರಜೆಯಲ್ಲಿ ಹೈದರಾಬಾದಿಗೆ ಹೋದರೆ ಹಳೆ ಪುಸ್ತಕ ಮಾರುವ ಫುಟ್‌ಪಾತು ಸುತ್ತದೆ ವಾಪಸು ಬರುವವರಲ್ಲ. ಅಲ್ಲಿ ಕೊಂಡು, ಅಲ್ಲೇ ಗಾಜು ಹಾಕಿಸಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಮನೆಯವರೆಲ್ಲ ಸುತ್ತ ನೆರೆದೆವು. ಇಂಗ್ಲಿಷಿನ ಸೊಟ್ಟ ಕಾಗುಣಿತದ ಹೆಸರುಗಳನ್ನು ಅವರು ಒಂದೊಂದಾಗಿ ಓದಿದರು.

“ಸೇಡಂ ಅದ. ಚಿತ್ತಾಪುರ ಅದ. ಶಹಾಬಾದ, ಚಿಂಚೋಳಿ, ಎಲ್ಲಾ ಅದಾವ. ವಾಡಿ ಇಲ್ಲ ನೋಡ್ರಿ! ರೈಲು ಬರೋಕಿಂತ ಮೊದಲಿಂದು ಇದು. ನನ್ನ ನೌಕರಿನೇ ಇಲ್ಲ ಇದರಾಗ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರ ಬೆರಳು ಕಾಗಿಣಾ ನದಿಯ ಗೆರೆ ಹಿಡಿದು ಹೋಯಿತು. “ವೈನಿ, ಲಗೂನ ಬರ್ರಿ ಇಲ್ಲಿ! ದಂಡೋತಿ ಅದ!”

ವೈನಿ ಎಂದರೆ ನನ್ನ ಭಾವನ ಹೆಂಡತಿ, ನನ್ನ ನೆಗೆಣ್ಣಿ. ಆಕೆಯ ತವರು ದಂಡೋತಿ. ನಮ್ಮ ಕಡೆ ಮನೆಗೆ ಬಂದ ಸೊಸೆಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ತವರೂರಿನ ಹೆಸರೇ ಸಾಕು. ಅತ್ತೆ ಮೊದಲಿನಿಂದಲೂ ಆಕೆಯನ್ನು ‘ದಂಡೋತಿಯಾಕಿ’ ಎಂದೇ ಕರೆಯುವುದು. ನನ್ನದು ಚಿಂಚೋಳಿಯ ಆಚೆ, ಗುಡ್ಡದ ಸೆರಗಿನಲ್ಲಿರುವ ಊರು. ಹೆಸರು ಹೇಳಿದರೆ ಚಿಂಚೋಳಿಯವರೇ ‘ಎಲ್ಲಿ ಅದ ಅದು?’ ಎಂದು ಕೇಳುತ್ತಾರೆ, ಆದ್ದರಿಂದ ಇಲ್ಲಿಯೂ ಹೇಳುವುದಿಲ್ಲ. ಅತ್ತೆಯ ನಾಲಿಗೆಗೆ ಅದು ಎಂದೂ ಹತ್ತಲಿಲ್ಲ. ನಾನು ಬರೀ ‘ಸಣ್ಣಾಕಿ’.

“ನಂದು?” ಎಂದೆ.

ಗಂಡ ಕನ್ನಡಕ ಮೇಲೇರಿಸಿ ಹುಡುಕಿದರು. “ನಿಂದು ಭಾಳ ಸಣ್ಣದಲ್ಲೇನ? ಎಲ್ಲಾ ಹಳ್ಳಿ ಹಾಕ್ಕೋತ ಕುಂತ್ರ ಮುಗೀತದೇನು?”

ದಂಡೋತಿ ಏನು ಪಟ್ಟಣವೇ? ಅದು ನದಿಯ ದಂಡೆಗಿತ್ತು, ಕೊರೆಯುವವನ ಕಣ್ಣಿಗೆ ಬಿತ್ತು, ಅಷ್ಟೇ. ಆಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ನಾನೇ ಸ್ಟೂಲು ಹಾಕಿಕೊಂಡು ಹುಡುಕಿದೆ. ನಮ್ಮೂರು ಇರಬೇಕಾದ ಕಡೆ ಗುಡ್ಡ ತೋರಿಸಲೆಂದು ಸಣ್ಣ ಸಣ್ಣ ಗೆರೆ ಒತ್ತಾಗಿ ಕೊರೆದಿದ್ದ, ಥೇಟು ಕಂಬಳಿಹುಳ. ನಮ್ಮ ಬಾವಿ, ನಮ್ಮ ತೊಗರಿ ಹೊಲ, ನಮ್ಮವ್ವ ಹುಣಸೆಹಣ್ಣು ಕುಟ್ಟುತ್ತಿದ್ದ ಕಟ್ಟೆ, ಎಲ್ಲದರ ಮೇಲೂ ಆ ಹುಳ ಮಲಗಿತ್ತು. ನನಗೆ ಸಿಟ್ಟು ಬಂದದ್ದು ಕೊರೆದವನ ಮೇಲಲ್ಲ. ನನ್ನ ಗಂಡ ಅಷ್ಟು ದೂರದಿಂದ ನನ್ನ ನೆಗೆಣ್ಣಿಯ ತವರನ್ನು ತೊಡೆಯ ಮೇಲಿಟ್ಟುಕೊಂಡು ತಂದರಲ್ಲ, ಅದಕ್ಕೆ.

ಅಲ್ಲಿಂದ ಮುಂದೆ ಮನೆಯಲ್ಲಿ ದಂಡೋತಿಯದೇ ಜಾತ್ರೆ. ಆಕೆಯ ಅಣ್ಣ ಶೇಂಗಾ ಹೋಳಿಗೆಯ ಬುತ್ತಿ ಹೊತ್ತು ಬಂದು, ನಕಾಶೆಯ ಫೋಟೋ ಹೊಡೆದು, ಊರವರ ವಾಟ್ಸಾಪಿಗೆಲ್ಲ ಹಾಕಿದ. ಆಮೇಲೆ ಆ ಊರಿನಿಂದ ಸೇಡಂಗೆ ಸಂತೆಗೆ ಬಂದವರು, ಕಚೇರಿಗೆ ಬಂದವರು, ಎಲ್ಲರೂ ನಮ್ಮ ಪಡಸಾಲೆಗೆ ಒಂದು ಸಲ ಇಣುಕಲೇಬೇಕು. ಅವರಿಗೆ ಚಹಾ ಮಾಡುವವಳು ಯಾರು? ನಾನು. ಒಂದು ದಿನ ನೆಗೆಣ್ಣಿ ಅತ್ತೆಯ ಬೆರಳು ಹಿಡಿದು ಗಾಜಿನ ಮೇಲೆ ನಡೆಸುತ್ತಿದ್ದಳು. “ಅತ್ತಿ, ನದಿ ಹಿಡ್ಕೊಂಡು ಹಿಂಗ ಬರ್ರಿ. ಇಲ್ಲಿ ನಿಂದರ್ರಿ. ಇದೇ ನಮ್ಮೂರು.” ಓದು ಬಾರದ ಅತ್ತೆ ಅದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಕಣ್ಣು ಮುಚ್ಚಿದರೂ ಬೆರಳು ದಂಡೋತಿಗೇ ಹೋಗುತ್ತಿತ್ತು.

ಗಾಜು ಒರೆಸುವುದೂ ನನ್ನ ಪಾಲಿನ ಕೆಲಸವೇ. ದಂಡೋತಿಯ ಮೇಲೆ ಬೆರಳಿನ ಎಣ್ಣೆಜಿಡ್ಡು ಕೂತಿರುತ್ತಿತ್ತು. ಸಾಬೂನು ನೀರು ಹಾಕಿ, ಕರಿ ಹಿಡಿದ ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದೆ. ಮರುದಿನ ಮತ್ತೆ ಹಾಜರು.

“ಇದನ್ನ ವಾಡಿಗೆ ಒಯ್ದು ಆಫೀಸಿನಾಗ ತೂಗಹಾಕ್ರಿ,” ಎಂದೆ ಗಂಡನಿಗೆ.

“ಯಾಕ, ಹೊಟ್ಟಿಕಿಚ್ಚೇನು?”

“ಹೌದು,” ಎಂದೆ. ಅವರು ಚೇಷ್ಟೆ ಎಂದುಕೊಂಡು ನಕ್ಕರು.

ಹೀಗಿರುವಾಗ ನನ್ನ ಮಗಳನ್ನು ನೋಡಲು ಶಹಾಬಾದಿನಿಂದ ಒಂದು ಮನೆಯವರು ಬಂದರು. ಮಾತುಕತೆಯ ಸಂಬಂಧ, ಎರಡೂ ಕಡೆ ಎಲ್ಲರೂ ತುಸು ಬಿಗಿಯಾಗಿದ್ದರು. ಹುಡುಗನ ತಾಯಿ ಚುರುಮುರಿಯ ಸುಸಲಾ ತಿನ್ನುತ್ತ, ಇಂಥ ಹೊತ್ತಿನಲ್ಲಿ ಕೇಳಲೇಬೇಕಾದದ್ದನ್ನು ಕೇಳಿದರು. “ಹುಡುಗಿ ತಾಯಿ ತವರು ಯಾವೂರ್ರಿ?”

ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟೇಬಿಟ್ಟರು. “ಇದೇ ನೋಡ್ರಿ, ನಮ್ಮ ಸೊಸಿ ಊರು.”

“ಓ, ದಂಡೋತಿನಾ! ಅಲ್ಲಿ ನಮ್ಮವರು ಅದಾರಲ್ರಿ!” ಎಂದು ಆ ತಾಯಿ ಅರಳಿದರು. ಗಂಡ ತಮ್ಮ ಕಾಲಿನ ಉಗುರು ನೋಡಿಕೊಳ್ಳತೊಡಗಿದರು. ನೆಗೆಣ್ಣಿ ನನ್ನ ಮುಖ ನೋಡಿದಳು, ಆಮೇಲೆ ನಗುತ್ತ ಹೇಳಿದಳು: “ಇರ್ಲಿ ಬಿಡ್ರಿ ಅತ್ತಿ. ನನ್ನ ತವರಾದ್ರೇನು, ಆಕಿ ತವರಾದ್ರೇನು, ಎಲ್ಲಾ ಒಂದೇ.”

ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ನನಗೆ ತಡೆಯಲಿಲ್ಲ. ಆಕೆ ಮೆರೆದದ್ದನ್ನು ಸಹಿಸಿಕೊಂಡಿದ್ದೆ. ಉಟ್ಟು ಬಿಟ್ಟ ಸೀರೆ ಕೊಡುವ ಹಾಗೆ ತನ್ನ ಊರನ್ನು ನನಗೆ ಕೊಟ್ಟರೆ ಹೇಗೆ ಸಹಿಸಲಿ? ಮಗಳ ಸಂಬಂಧದ ಮಾತು ನಡೆದಿದೆ ಎನ್ನುವುದೂ ಮರೆತುಹೋಯಿತು. ತಾಟು ಕೆಳಗಿಟ್ಟೆ.

“ಅದು ಅಕ್ಕಂದ್ರಿ. ನಂದು ಇಲ್ಲಿ ಅದ,” ಎಂದು ಕಂಬಳಿಹುಳದ ನಡುವೆ ಬೆರಳಿಟ್ಟೆ.

ಹುಡುಗನ ತಾಯಿ ಬಗ್ಗಿ ನೋಡಿದರು. “ಇಲ್ಲೇನೂ ಬರದಿಲ್ಲಲ್ರಿ?”

“ಬರದಿಲ್ರಿ. ಆದ್ರ ಊರು ಅದ.” ಊರಿನ ಹೆಸರನ್ನು ಗಟ್ಟಿಯಾಗಿ ಹೇಳಿದೆ.

ಅತ್ತೆ ಆ ತಾಯಿಯನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. “ಎಲ್ಲಿ? ನನ್ನ ಬಟ್ಟು ಹಿಡದು ಇಡು.”

“ಅಲ್ಲಿ ಹೆಸರು ಬರದಿಲ್ರಿ ಅತ್ತಿ,” ಎಂದೆ.

“ಬರದಿದ್ರ ನನಗೇನು ಓದ್ಲಿಕ್ಕ ಬರ್ತದೇನು? ಆಕಿ ಊರೂ ನನಗ ಇರುವಿ ಹರದಂಗ ಕಾಣ್ತದ, ನಿಂದೂ ಹಂಗೇ ಕಾಣ್ತದ. ಆಕಿ ಬಟ್ಟು ಹಿಡದು ತೋರಿಸಿದಳು, ಕಲತೆ. ನೀ ಎಂದಾದ್ರೂ ತೋರಿಸೀಯೇನು?”

ಆ ಮುದಿ ಬೆರಳನ್ನು ಹಿಡಿದು ಸೇಡಂನಿಂದ ಹೊರಟು, ಚಿಂಚೋಳಿ ದಾಟಿಸಿ, ಗುಡ್ಡದ ಗೆರೆಗಳ ನಡುವೆ ನಿಲ್ಲಿಸಿದೆ. ಆ ಬೆರಳನ್ನು ನಾನು ಹಾಗೆ ಹಿಡಿದದ್ದು ಅದೇ ಮೊದಲು. ಅತ್ತೆ ಅಲ್ಲಿಂದ ಕೈ ತೆಗೆಯಲೊಲ್ಲರು. ಜೋಳ ಬೆಳೀತದೋ ತೊಗರಿಯೋ, ಅಲ್ಲಿ ತೆಲುಗು ಆಡ್ತಾರೋ ಕನ್ನಡವೋ, ನಿಮ್ಮವ್ವ ನೀರು ಎಲ್ಲಿಂದ ತರತಿದ್ಲು, ಒಂದಾದ ಮೇಲೊಂದು ಕೇಳಿದರು. ನಾನು ಹೇಳಿದ್ದನ್ನೆಲ್ಲ ಆಗಿಂದಾಗ್ಗೆ ಶಹಾಬಾದಿನವರ ಕಡೆ ತಿರುಗಿ, ತಾವೇ ಅಲ್ಲಿ ಹುಟ್ಟಿ ಬೆಳೆದವರಂತೆ ಒಪ್ಪಿಸಿದರು. ಆ ಸಂಬಂಧ ಮುಂದೆ ಕೂಡಲಿಲ್ಲ, ಅದು ಬೇರೆ ಮಾತು. ಆದರೆ ಅವರು ಎದ್ದು ಹೋಗುವ ತನಕ ಅತ್ತೆ ದಂಡೋತಿಯ ಸುದ್ದಿ ಎತ್ತಲಿಲ್ಲ.

ನೆಗೆಣ್ಣಿ ಸ್ವಲ್ಪ ಹೊತ್ತು ನಿಂತು ಕೇಳಿದಳು. ಆಮೇಲೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಬೋಗುಣಿಯ ಮೇಲೆ ಮುಚ್ಚಳ ಬಿದ್ದ ಸಪ್ಪಳ ಕೇಳಿಸಿತು, ಆಮೇಲೆ ತಾಟು ಕುಕ್ಕಿದ ಸಪ್ಪಳ. ಸುಳ್ಳು ಯಾಕೆ ಹೇಳಲಿ, ಅದನ್ನು ಕೇಳಿದ ಮೇಲೆಯೇ ನನ್ನ ಹೊಟ್ಟೆ ತಣ್ಣಗಾದದ್ದು.