ಸಾಹುಕಾರರ ಪ್ರಿಆಂಪೂ ನನ್ನ ಬಲಗಿವಿಯೂ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹರಿಹರದ ಒಂದು ಯಂತ್ರ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದೆ. ಜೋಡಣೆ ಮುಗಿದು ಬಂದ ಗೇರ್‌ಬಾಕ್ಸನ್ನು ಓಡಿಸುವುದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿಕೊಂಡು ಕೇಳುವುದು, ಇದು ನನ್ನ ಕೆಲಸ. ಒಳಗಿನ ಹಲ್ಲು ಸರಿಯಾಗಿ ಕೂಡುತ್ತಿಲ್ಲವೋ, ಬೇರಿಂಗ್ ಓರೆಯಾಗಿ ಕೂತಿದೆಯೋ ಎಲ್ಲ ಆ ಸದ್ದಿನಲ್ಲೇ ತಿಳಿಯುತ್ತಿತ್ತು. ಅಳೆಯುವ ಯಂತ್ರಗಳು ಇದ್ದರೂ ಅನುಮಾನ ಬಂದಾಗ ನನ್ನನ್ನೇ ಕರೆಯುತ್ತಿದ್ದರು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷದ ಆರೋಗ್ಯ ತಪಾಸಣೆಯಲ್ಲಿ ಕಾರ್ಖಾನೆಯ ಡಾಕ್ಟರು ನನ್ನ ಬಲಗಿವಿಯನ್ನು ಎರಡು ಸಲ ನೋಡಿದರು. "ಸ್ವಲ್ಪ ಮಂದ ಆದಂಗೈತೆ. ದಾವಣಗೆರೆಯಾಗೆ ಕಿವಿ ಡಾಕ್ಟ್ರಿಗೆ ತೋರಿಸ್ರಿ. ಕಿವಿಯೊಳಗೆ ಗುಂಯ್ ಅಂತ ಸದ್ದು ಶುರು ಆದ್ರೆ ಮಾತ್ರ ತಡ ಮಾಡಬ್ಯಾಡ್ರಿ" ಎಂದು ಒಂದು ಚೀಟಿ ಬರೆದುಕೊಟ್ಟರು. ಚೀಟಿಯನ್ನು ಅಂಗಿಯ ಜೇಬಿಗೆ ಸೇರಿಸಿದವನು ಯಾರಿಗೂ ತೋರಿಸಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಕಿವಿ ಹೋದ ಪರೀಕ್ಷಕನನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಸ್ಟೋರ್ಸಿಗೆ ಹಾಕಿ ನಟ್ಟು ಬೋಲ್ಟು ಎಣಿಸಲು ಕೂರಿಸುತ್ತಾರೆ ಎಂಬುದೇ ನನ್ನ ಹೆದರಿಕೆ.

ಇಂಥ ಹೊತ್ತಿನಲ್ಲಿ ದಾವಣಗೆರೆಯ ಸಾಹುಕಾರರು ಹೇಳಿ ಕಳಿಸಿದರು. ಅವರದು ಹತ್ತಿ ಗಿರಣಿ. ಹಿಂದೊಮ್ಮೆ ಅವರ ಯಂತ್ರದ ಸದ್ದು ಕೇಳಿ ಯಾವ ಬೇರಿಂಗ್ ಕೆಟ್ಟಿದೆ ಎಂದು ಹೇಳಿದ್ದೆ. ಅಂದಿನಿಂದ ನನ್ನ ಕಿವಿಯ ಮೇಲೆ ಅವರಿಗೆ ವಿಪರೀತ ನಂಬಿಕೆ. ಸಂಗೀತವೆಂದರೆ ಪ್ರಾಣ ಬಿಡುವ ಮನುಷ್ಯ. ಮನೆಯ ಹಾಲಿನಲ್ಲಿ ಆಳೆತ್ತರದ ಎರಡು ಸ್ಪೀಕರುಗಳಿದ್ದವು. ಈಗ ಸಿಂಗಾಪುರದಿಂದ ಬೀಗರ ಕೈಲಿ ಒಂದು ಪ್ರಿಆಂಪ್ಲಿಫೈಯರ್ ತರಿಸಿದ್ದರು. ಅದೇ ಸಮಯಕ್ಕೆ ಅವರ ಸ್ನೇಹಿತರಾದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ತಮ್ಮ ಕೈಯಾರೆ ಒಂದು ಪ್ರಿಆಂಪ್ ಕಟ್ಟಿ, "ಹೊರದೇಶದ್ದಕ್ಕೆ ಇದು ಏನೂ ಕಮ್ಮಿ ಇಲ್ಲ" ಎಂದುಬಿಟ್ಟಿದ್ದರು. ಯಾವುದು ಹೆಚ್ಚು ಎಂದು ಕೇಳಿ ಹೇಳಲು ನಾನು ಬರಬೇಕಂತೆ.

ಭಾನುವಾರ ಬೆಳಿಗ್ಗೆ ಹೋದೆ. ಸಾಹುಕಾರರು, ಅವರ ಹೆಂಡತಿ, ಮೇಷ್ಟ್ರು, ಜೊತೆಗೆ ಹಾಡಿನ ಹುಚ್ಚಿನ ಒಬ್ಬ ವಕೀಲರು ಇದ್ದರು. ಪ್ರಿಆಂಪ್ ಎಂದರೇನು ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮೇಷ್ಟ್ರೇ ಬಿಡಿಸಿ ಹೇಳಿದರು: "ಸ್ಪೀಕರಿಗೆ ಬಲ ಕೊಡೋದು ದೊಡ್ಡ ಆಂಪ್ಲಿಫೈಯರ್. ಅದಕ್ಕೆ ಎಷ್ಟು ಬಿಡಬೇಕು, ಏನನ್ನ ಬಿಡಬೇಕು ಅಂತ ಮುಂದೆ ಕೂತು ನೋಡ್ಕೊಳ್ಳೋದು ಇದು. ಕಾಲುವೆ ತೂಬು ಇದ್ದಂಗೆ. ತೂಬಿನಾಗೆ ಕಸ ಇದ್ರೆ ಗದ್ದೆಗೂ ಕಸಾನೇ ಹೋಗದು."

ಎರಡು ಪೆಟ್ಟಿಗೆಗಳ ಮೇಲೂ ಕಪ್ಪು ಬಟ್ಟೆ ಹೊದಿಸಿದ್ದರು. ನಡುವೆ ಮೇಷ್ಟ್ರು ಮಾಡಿ ತಂದಿದ್ದ ಸಣ್ಣ ಡಬ್ಬಿ, ಅದರ ಮೇಲೊಂದು ತಿರುಗಿಸುವ ಗುಂಡಿ. ಆ ಕಡೆ ತಿರುಗಿಸಿದರೆ ಒಂದನೆಯದು, ಈ ಕಡೆಗೆ ಎರಡನೆಯದು. ಯಾವ ಬಟ್ಟೆಯ ಕೆಳಗೆ ಯಾವುದಿದೆ ಎಂದು ಸಾಹುಕಾರರ ಹೆಂಡತಿಗೆ ಮಾತ್ರ ಗೊತ್ತು, ಪೆಟ್ಟಿಗೆ ಜೋಡಿಸಿದವರು ಅವರೇ. ಗುಂಡಿ ತಿರುಗಿಸುವವರೂ ಅವರೇ. ಒಬ್ಬ ಗಾಯಕಿಯ ಬೆಳಗಿನ ರಾಗದ ಸಿ.ಡಿ. ಹಾಕಿದರು. ಎಲ್ಲರೂ ಕಣ್ಣು ಮುಚ್ಚಿದೆವು.

"ಒಂದು" ಎಂದರು ಆಕೆ. ಸ್ವಲ್ಪ ಹೊತ್ತಿನ ನಂತರ "ಎರಡು" ಎಂದರು. ಮತ್ತೆ ಒಂದು, ಮತ್ತೆ ಎರಡು.

ನನಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ಕೂದಲೆಳೆಯಷ್ಟೂ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಗಾಯಕಿ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಎಲ್ಲೋ ಬಹಳ ಸಣ್ಣಗೆ ಗುಂಯ್ ಎನ್ನುವ ಸದ್ದು ಕೇಳಿತು. ಒಂದು ಎಂದಾಗಲೂ ಇತ್ತು, ಎರಡು ಎಂದಾಗಲೂ ಇತ್ತು. ಕಣ್ಣು ಬಿಟ್ಟು ಉಳಿದವರನ್ನು ನೋಡಿದೆ. ಯಾರ ಮುಖದಲ್ಲೂ ಆ ಸದ್ದಿನ ಸುಳಿವಿರಲಿಲ್ಲ. ಡಾಕ್ಟರು ಹೇಳಿದ್ದು ಶುರುವಾಯಿತು ಎಂದುಕೊಂಡೆ.

"ಎರಡನೇದು ಬಿಡ್ರಿ, ಎಂಥ ಆಳ! ಆಯಮ್ಮ ಇಲ್ಲೇ ಕೂತು ಹಾಡಿದಂಗೈತೆ. ಒಂದನೇದು ಡಬ್ಬಿಯೊಳಗಿಂದ ಹಾಡಿದಂಗೆ" ಎಂದರು ವಕೀಲರು. ಸಾಹುಕಾರರು ಹೌದು ಹೌದು ಎಂದು ತಲೆಯಾಡಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು.

"ನಿಮಗೆ ಹೆಂಗೆ ಕೇಳ್ತು?" ಎಂದರು ಸಾಹುಕಾರರು.

"ಎರಡನೇದೇ ಚಲೋ ಐತೆ. ಮೇಲಿನ ಸ್ವರ ಬಿಡಿಸಿ ಕೇಳ್ತೈತೆ" ಎಂದೆ.

ಹಾಗೆ ಎಷ್ಟು ಸಲೀಸಾಗಿ ಹೇಳಿದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಟ್ಟೆ ತೆಗೆದರು. ಎರಡನೆಯದು ಸಿಂಗಾಪುರದ್ದು. ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ. ತಮ್ಮ ಪೆಟ್ಟಿಗೆಯ ವೈರುಗಳನ್ನು ಒಂದೊಂದಾಗಿ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಗುಂಡಿಯ ಡಬ್ಬಿಯನ್ನೂ ಎತ್ತಿಕೊಂಡು, ತಿಂಡಿಗೂ ನಿಲ್ಲದೆ ಸ್ಕೂಟರ್ ಹತ್ತಿ ಹೋದರು.

ಹರಿಹರದ ಬಸ್ಸಿನಲ್ಲಿ ದಾರಿಯ ಬಾತಿ ಊರು ದಾಟುವವರೆಗೂ ಅವರ ಮುಖವೇ ಕಣ್ಣ ಮುಂದಿತ್ತು. ಮುಂದಿನ ವಾರವಿಡೀ ನಾನು ಮನುಷ್ಯನಾಗಿರಲಿಲ್ಲ. ಕೆಲಸದಲ್ಲಿ ಪ್ರತಿ ಗೇರ್‌ಬಾಕ್ಸನ್ನೂ ಎರಡೆರಡು ಸಲ ಕೇಳಿದೆ. ಸರಿಯಾಗಿದ್ದ ಒಂದನ್ನು ಸುಮ್ಮನೆ ಬಿಚ್ಚಿಸಿ, ಜೋಡಿಸಿದವರಿಂದ ಬೈಸಿಕೊಂಡೆ. ಮನೆಗೆ ಬಂದರೆ ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು, ಗುಂಯ್ ಎನ್ನುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೂರುತ್ತಿದ್ದೆ. ಹೆದರಿ ಕೂತವನಿಗೆ ಯಾವ ಸದ್ದು ತಾನೇ ಕೇಳುವುದಿಲ್ಲ? ಶುಕ್ರವಾರ ಹೆಂಡತಿ ಬಾಗಿಲು ತಳ್ಳಿಕೊಂಡು ಬಂದು, "ಈ ಸೆಕೆಯಾಗೆ ಫ್ಯಾನ್ ಆರಿಸ್ಕೊಂಡು ಏನ್ ತಪಸ್ಸು ಮಾಡ್ತೀರಿ?" ಎಂದಾಗ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಚೀಟಿಯನ್ನೂ ತೋರಿಸಿದೆ.

ಅವಳು ಚೀಟಿ ಓದಿ ಮಡಿಚಿಟ್ಟಳು. "ಕಿವಿಗೆ ಡಾಕ್ಟ್ರು ಅದಾರೆ, ಆಮೇಲೆ ನೋಡೋಣ. ಮೊದ್ಲು ಆ ಮೇಷ್ಟ್ರ ಹತ್ರ ಹೋಗಿ ನಿಜ ಹೇಳಿ ಬರ್ರಿ. ಅವರೇನು ನಿಮಗೆ ಅನ್ಯಾಯ ಮಾಡಿದ್ರು?"

ಭಾನುವಾರ ದಾವಣಗೆರೆಯ ಸರಸ್ವತಿ ನಗರದ ಅವರ ಮನೆ ಹುಡುಕಿಕೊಂಡು ಹೋದೆ. ಮೇಷ್ಟ್ರು ಊಟದ ಮೇಜಿನ ಮೇಲೆ ಪ್ರಿಆಂಪನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ನನ್ನನ್ನು ಕಂಡು ಮುಖ ಬಿಗಿಯಾಯಿತು. ಆದರೂ "ಬರ್ರಿ, ಕೂಡ್ರಿ" ಎಂದರು. ಕೂರುವ ಮೊದಲೇ ಹೇಳಿದೆ.

"ಮೇಷ್ಟ್ರೇ, ಅವತ್ತು ನಾನು ಸುಳ್ಳು ಹೇಳ್ದೆ. ನನಗೆ ಎರಡಕ್ಕೂ ಏನೂ ಫರಕ್ ಗೊತ್ತಾಗ್ಲಿಲ್ಲ. ನನ್ನ ಕಿವಿ ಹೋಗೈತೆ. ಅದು ಹೊರಗೆ ಗೊತ್ತಾಗಬಾರ್ದು ಅಂತ ವಕೀಲರು ಹೇಳಿದ್ದನ್ನೇ ನಾನೂ ಹೇಳ್ದೆ."

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟರು. ಆಮೇಲೆ, "ನನಗೂ ಗೊತ್ತಾಗ್ಲಿಲ್ಲ ಕಣ್ರಿ" ಎಂದರು. "ಕಟ್ಟಿದವನು ನಾನು. ನೀವೆಲ್ಲಾ ಅಷ್ಟು ಖಚಿತವಾಗಿ ಹೇಳೋವಾಗ, ನನ್ನದರ ಮೇಲಿನ ಮೋಹಕ್ಕೆ ನನಗೆ ಒಂದೇ ಥರ ಕೇಳ್ತೈತೆ ಅಂದ್ಕೊಂಡೆ." ಹಾಗೆ ಹೇಳುತ್ತಿದ್ದವರು ನಡುವೆಯೇ ನಿಂತರು. "ಆದ್ರೆ ಎರಡು ಬೇರೆ ಬೇರೆ ಪೆಟ್ಟಿಗೆ ಅಷ್ಟೊಂದು ಒಂದೇ ಥರ ಇರೋದು ಹೆಂಗೆ?"

ಎದ್ದು ಹೋಗಿ ಆ ಗುಂಡಿಯ ಡಬ್ಬಿ ತಂದರು. ಮೀಟರಿನ ಕಡ್ಡಿಗಳನ್ನು ಒಂದೊಂದು ತುದಿಗೆ ಇಟ್ಟು ನೋಡಿದರು. ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಮುಳ್ಳು ಅಲುಗಲಿಲ್ಲ. ಗುಂಡಿ ಹಿಡಿದು ಎಳೆದರೆ ಅದು ಕೈಗೇ ಬಂತು. ಅದನ್ನು ಒಳಗಿನ ಸರಳಿಗೆ ಬಿಗಿಯುವ ಚಿಕ್ಕ ಸ್ಕ್ರೂ ಸಡಿಲವಾಗಿತ್ತು. ಮೇಲೆ ಗುಂಡಿ ತಿರುಗುತ್ತಿತ್ತು, ಒಳಗಿನ ಸರಳು ಒಂದನೆಯದರ ಕಡೆಗೇ ನಿಂತುಬಿಟ್ಟಿತ್ತು. ಅವತ್ತು ಪೂರ್ತಿ ನಾವು ಕೇಳಿದ್ದು ಒಂದನೆಯದನ್ನೇ.

"ಒಂದನೇದು ಅಂದ್ರೆ..." ಎಂದೆ.

"ನಂದು!" ಎಂದರು ಮೇಷ್ಟ್ರು. "ವಕೀಲರು ಹೊಗಳಿದ್ದೂ ನನ್ನದನ್ನೇ, ಡಬ್ಬಿಯೊಳಗಿಂದ ಹಾಡಿದಂಗೈತೆ ಅಂದಿದ್ದೂ ನನ್ನದನ್ನೇ!" ಅವರು ನಕ್ಕ ನಗುವಿಗೆ ಒಳಗಿನಿಂದ ಅವರ ತಾಯಿ ಏನಾಯಿತೋ ಎಂದು ಓಡಿಬಂದರು. ನಾನೂ ನಕ್ಕೆ. ವ್ಯತ್ಯಾಸ ಕೇಳದಿದ್ದುದು ವ್ಯತ್ಯಾಸ ಇಲ್ಲದ್ದಕ್ಕೆ. ಆದರೆ ಆ ಗುಂಯ್ ಮಾತ್ರ ಮನಸ್ಸಿನಲ್ಲೇ ಉಳಿದಿತ್ತು, ಅದನ್ನು ಅವರಿಗೂ ಹೇಳಿರಲಿಲ್ಲ.

ಸ್ಕ್ರೂ ಬಿಗಿದು, ಪೆಟ್ಟಿಗೆ ಮುಚ್ಚಿ, ಇಬ್ಬರೂ ಸ್ಕೂಟರಿನಲ್ಲಿ ಸಾಹುಕಾರರ ಮನೆಗೆ ಹೋದೆವು. ವಿಷಯ ಕೇಳಿ ಸಾಹುಕಾರರ ಮುಖ ಕೆಂಪಾಯಿತು. ನಾನು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ. ಅವರು ಮೀಸೆ ಸವರಿಕೊಂಡು, "ಮತ್ತೆ ನಾನೇನು ನಿಜ ಹೇಳಿದ್ನಾ? ತರಿಸಿದವನು ನಾನು, ಅದೇ ಚಲೋ ಇರಬೇಕು ಅಂತಿತ್ತು" ಎಂದರು. ಅವರ ಹೆಂಡತಿ ಬಾಗಿಲ ಬಳಿ ನಿಂತಿದ್ದವರು ಆಗ ಬಾಯಿ ಬಿಟ್ಟರು: "ಆ ಗುಂಡಿ ಸಡಿಲ ಐತೆ ಅಂತ ನನಗೆ ಅವತ್ತೇ ಅನ್ನಿಸಿತ್ತು. ನೀವೆಲ್ಲಾ ಕಣ್ಣು ಮುಚ್ಕೊಂಡು ಆಳ, ಎತ್ತರ ಅಂತಿದ್ರಿ. ತಿಳಿದವರು, ನಾನ್ಯಾಕೆ ನಡುವೆ ಮಾತಾಡ್ಲಿ ಅಂತ ಸುಮ್ನಿದ್ದೆ."

ಮತ್ತೆ ಪರೀಕ್ಷೆಗೆ ಕೂತೆವು. ಈ ಸಲ ಆಕೆ ಒಂದು ಎರಡು ಎಂದು ಹೇಳಲಿಲ್ಲ. ಮನಸ್ಸಿಗೆ ಬಂದಂತೆ ತಿರುಗಿಸಿದರು. ಗಾಯಕಿ ಆಲಾಪ ಶುರುಮಾಡಿ ಮೊದಲ ಸಲ ನಿಂತಳು. ಗುಂಯ್. ಗುಂಡಿ ತಿರುಗಿತು. ಮತ್ತೆ ನಿಂತಳು. ಈಗ ಏನೂ ಇಲ್ಲ, ಪೂರ್ತಿ ನಿಶ್ಶಬ್ದ. ಹೊರಗೆ ಬೀದಿಯಲ್ಲಿ ಹೂವಿನವಳು ಕೂಗುತ್ತಿದ್ದುದು ಕೇಳಿಸಿತು. ಇನ್ನೊಮ್ಮೆ ತಿರುಗಿಸಿದರು, ಗುಂಯ್ ಬಂತು. ತಿರುಗಿಸಿದರು, ಹೋಯಿತು.

ಅದು ನನ್ನ ಕಿವಿಯದಾಗಿರಲಿಲ್ಲ. ಗುಂಡಿ ತಿರುಗಿಸಿದರೆ ನಿಲ್ಲುವ ಕಾಯಿಲೆ ಯಾವುದೂ ಇಲ್ಲ. ಒಂದು ವಾರದಿಂದ ಹಿಡಿದಿಟ್ಟ ಉಸಿರು ಈಗ ಬಿಟ್ಟಂತಾಯಿತು. ಕಣ್ಣಲ್ಲಿ ನೀರು ಬಂತು. ಹಾಡಿಗೆ ಬಂತೆಂದು ಸಾಹುಕಾರರು ತಿಳಿದರು, ನಾನು ತಿದ್ದಲಿಲ್ಲ.

"ಈಗ ಹೇಳ್ರಿ" ಎಂದರು ಮೇಷ್ಟ್ರು. ಅವರ ದನಿ ಸಣ್ಣದಾಗಿತ್ತು.

"ಹಾಡ್ತಿರೋವಾಗ ಎರಡಕ್ಕೂ ಫರಕ್ ಹೇಳಾಕೆ ನನ್ನ ಕೈಲಿ ಆಗಲ್ಲ. ಆದ್ರೆ ಹಾಡು ನಿಂತಾಗ ಒಂದರಾಗೆ ಸಣ್ಣಗೆ ಗುಂಯ್ ಅಂತೈತೆ. ಇನ್ನೊಂದರಾಗೆ ಇಲ್ಲ. ಗುಂಯ್ ಅನ್ನೋದು ನಿಮ್ಮದೇ ಇರಬೇಕು, ಮೇಷ್ಟ್ರೇ."

ಅವರು ಎದ್ದು ಸ್ಪೀಕರಿಗೆ ಕಿವಿ ಹಚ್ಚಿದರು. ಬೇಜಾರಾಗುತ್ತಾರೆಂದು ಹೆದರಿದ್ದೆ. ಅವರು ತಿರುಗಿದಾಗ ಮುಖ ಅರಳಿತ್ತು. "ಐತೆ, ಐತೆ! ಮನೆಯಾಗಿನ ಸಣ್ಣ ಸ್ಪೀಕರಿನಾಗೆ ಇದು ಕೇಳೋದೇ ಇಲ್ಲ. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್ ಪಕ್ಕದಾಗೆ ಒಂದು ವೈರು ಹಾಯಿಸಿದೀನಿ, ಅದೇ ಇರಬೇಕು. ಒಂದು ವಾರ ಬಿಚ್ಚಿ ಕೂತ್ರೂ ಏನು ತಪ್ಪು ಅಂತ ಗೊತ್ತಾಗಿರಲಿಲ್ಲ. ಚಲೋ ಇಲ್ಲ ಅಂದ್ರೆ ನಾನೇನು ರಿಪೇರಿ ಮಾಡ್ಲಿ? ಗುಂಯ್ ಅಂದ್ರೆ ಮಾಡಬಹುದು."

"ನನಗೆ ಈಗಲೂ ಏನೂ ಕೇಳಿಸ್ತಿಲ್ಲ" ಎಂದರು ಸಾಹುಕಾರರು. "ವಕೀಲರಿಗೆ ಮಾತ್ರ ಇವತ್ತೇ ಹೇಳಬ್ಯಾಡ್ರಿ. ಒಳ್ಳೇ ಚಾ ಕುಡಿಸಿ ನಾನೇ ಹೇಳ್ತೀನಿ."

ಮೂರು ವಾರದ ನಂತರ ಆ ವೈರಿನ ಜಾಗ ಬದಲಾಗಿ ಗುಂಯ್ ಹೋಯಿತು. ಸಾಹುಕಾರರು ಮೇಷ್ಟ್ರ ಪ್ರಿಆಂಪನ್ನೇ ಕೇಳಿ ಪಡೆದು ಹಾಲಿನಲ್ಲಿ ಇಟ್ಟುಕೊಂಡರು, ಸಿಂಗಾಪುರದ್ದು ಮಹಡಿಯ ಕೋಣೆಗೆ ಹೋಯಿತು. ಅದಕ್ಕೂ ಮೊದಲೇ ನಾನು ಹೆಂಡತಿಯ ಜೊತೆ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆ. ಬಲಗಿವಿ ಮಂದವಾಗಿದ್ದು ನಿಜ, ಆದರೆ ಸ್ವಲ್ಪವೇ. ಕಾಪಾಡಿಕೊಂಡರೆ ಇಷ್ಟಕ್ಕೇ ನಿಲ್ಲಬಹುದು, ಕಾರ್ಖಾನೆಯ ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ ಎಂದು ಅವರು ಹೇಳಿದ್ದರು.

ಅಲ್ಲಿಗೆ ಹೋಗಿ ಬಂದ ಮರುದಿನವೇ ವಿಭಾಗದ ಮುಖ್ಯಸ್ಥರ ಮುಂದೆ ಇಬ್ಬರೂ ಡಾಕ್ಟರ ಚೀಟಿಗಳನ್ನು ಇಟ್ಟೆ. ಅವರು ಓದಿ, ಕನ್ನಡಕದ ಮೇಲಿಂದ ನೋಡಿದರು.

"ಎಡಗಿವಿ ಹೆಂಗೈತೆ?"

"ಸರಿ ಐತೆ, ಸರ್."

"ಹಂಗಾದ್ರೆ ಅದರಾಗೆ ಕೇಳ್ರಿ. ಇದನ್ನ ಹೇಳಾಕೆ ಇಷ್ಟು ದಿನ ಬೇಕಿತ್ತಾ?"

ಅಂದು ಕ್ಯಾಂಟೀನಿನಲ್ಲಿ ಎಂದಿನ ಅನ್ನ, ಎಂದಿನ ನೀರು ಸಾರು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.