ನನ್ನನ್ನು ವೈನಿ ಎಂದ ಮಗಳು

ನನ್ನ ಮಗಳು ಮೊದಲು ಕಲಿತ ಮಾತು ‘ಅವ್ವ’. ಇದರಲ್ಲೇನು ವಿಶೇಷ ಅಂದೀರಿ. ಆ ಮಾತನ್ನು ಅವಳು ಹೇಳಿದ್ದು ನನಗಲ್ಲ, ನನ್ನ ಅತ್ತೆಗೆ. ಆಮೇಲೆ ನನ್ನ ಕಡೆ ತಿರುಗಿ, ಇದ್ದ ಎರಡು ಹಲ್ಲು ತೋರಿಸಿ ನಕ್ಕು, ‘ವೈನಿ’ ಅಂದಳು.

ತಪ್ಪು ಕೂಸಿನದಲ್ಲ. ಮಿಶ್ರಿಕೋಟಿಯ ಆ ಮನೆಯಲ್ಲಿ ನನ್ನ ಗಂಡ ಹಿರಿಯ ಮಗ. ಇಬ್ಬರು ಮೈದುನರಿಗೂ ನಾನು ಅಣ್ಣನ ಹೆಂಡತಿ, ವೈನಿ. ಬೆಳಗಾದರೆ ವೈನಿ ಚಾ, ವೈನಿ ನೀರು, ವೈನಿ ನನ್ನ ಅಂಗಿ ಎಲ್ಲಿ. ಓಣಿಯವರಿಗೂ ಅದೇ ರೂಢಿಯಾಗಿತ್ತು. ಗಂಡನಂತೂ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಕೆಮ್ಮಿದರೆ ನಾನೇ ತಿಳಿದುಕೊಳ್ಳಬೇಕು. ಅತ್ತೆಯನ್ನು ಮಾತ್ರ ಮೂವರು ಗಂಡುಮಕ್ಕಳೂ ಬಾಯಿ ತುಂಬ ಅವ್ವ ಅನ್ನುತ್ತಿದ್ದರು. ಕೂಸು ಕೇಳಿದ್ದನ್ನೇ ಕಲಿಯಿತು.

ನಾನು ಕಲಘಟಗಿಯ ಕನ್ನಡ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದೆ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಕಂಡವರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸುವ ನನಗೆ, ನನ್ನ ಮಗಳಿಗೆ ಒಂದು ಮಾತು ಕಲಿಸಲು ಹೊತ್ತಿರಲಿಲ್ಲ. ಹೊತ್ತೆಲ್ಲ ಅತ್ತೆಯ ಕೈಯಲ್ಲಿತ್ತು. ಎಣ್ಣೆ ತಿಕ್ಕಿ ಎರೆಯುವವರು ಅವರು, ಮಾತು ಬೇಗ ಬರಲೆಂದು ಬಜೆಯ ಬೇರು ತೇಯ್ದು ನಾಲಿಗೆಗೆ ಸವರುವವರು ಅವರು, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುವವರೂ ಅವರೇ. ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಸುದ್ದಿ ಶುರುವಾಗುತ್ತಿತ್ತು: ಇವತ್ತು ಗೋಡೆ ಹಿಡಿದು ನಿಂತಳು, ಇವತ್ತು ಕಾಗೆ ನೋಡಿ ಕಾ ಅಂದಳು. ಅವರು ಪಾಪ ಸಂತೋಷದಿಂದ ಹೇಳುತ್ತಿದ್ದರು. ನನ್ನ ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಹಡೆದವಳು ನಾನು, ನೋಡಿ ನಲಿಯುವವರು ಅವರು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ, ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಹತ್ತಿರ ಮರದ ಮೂರು ಗಾಲಿಯ ಬಂಡಿ ಕೊಂಡೆ. ಕೂಸು ಹಿಡಿದು ನೂಕುತ್ತ ನಡೆಯಲು ಕಲಿಯುವ ಬಂಡಿ. ಕೆಂಪು, ಹಸಿರು, ಮುಟ್ಟಿದರೆ ನುಣ್ಣಗೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದೆ. ಮಾತಂತೂ ಹೋಯಿತು, ನಡೆಯಲಾದರೂ ನಾನೇ ಕಲಿಸಬೇಕು, ನಡೆದು ನನ್ನ ಹತ್ತಿರವೇ ಬರಬೇಕು ಎಂಬ ಹಟ ನನ್ನದು.

ಪಡಸಾಲೆಯ ಆ ತುದಿಯಲ್ಲಿ ಮಗಳ ಕೈಗೆ ಬಂಡಿ ಹಿಡಿಸಿ, ಈ ತುದಿಯಲ್ಲಿ ಬೆಲ್ಲದ ಚೂರು ಹಿಡಿದು ಕೂತೆ. ಗಡಗಡ ಸದ್ದು ಮಾಡುತ್ತ ಬಂದಳು. ಅರ್ಧ ದಾರಿಗೆ ನಿಂತಳು. ಬಂಡಿ ಬಿಟ್ಟಳು. ಏನೂ ಹಿಡಿಯದೆ, ತೂರಾಡುತ್ತ, ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕಡೆ ನಡೆದು, ‘ಅವ್ವಾ’ ಎಂದು ಅವರ ಹಿಟ್ಟಿನ ಕೈಯಲ್ಲಿ ಬಿದ್ದಳು. ಬೆಲ್ಲವನ್ನು ನಾನೇ ತಿಂದೆ.

ಅಂದು ಎಲ್ಲರೂ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಕೂಸಿನ ಎದುರು ನನ್ನನ್ನು ಯಾರೂ ವೈನಿ ಅನ್ನಬಾರದು, ನನ್ನ ಮಗಳಿಗೆ ನಾನು ಅವ್ವ ಆಗಬೇಕು ಅಂದೆ. ಗಂಡ ಕೆಮ್ಮಿದ. ಮೈದುನರು ತಾಟು ನೋಡಿದರು. ಅತ್ತೆ ರೊಟ್ಟಿ ಮಗುಚಿ ಹಾಕಿ ಹೇಳಿದರು:

“ಆಕಿ ಅನ್ನೂದು ಖರೇ ಐತಿ. ನಾಳಿಂದ ಕೂಸಿನ ಮುಂದ ಆಕಿಗೆ ಅವ್ವ ಅನ್ರಿ. ನನಗ ಆಯಿ ಅನ್ರಿ, ಸಾಕು.”

ಆಯಿ ಅಂದರೆ ಅಜ್ಜಿ. ಇಷ್ಟು ಸಲೀಸಾಗಿ ಬಿಟ್ಟುಕೊಟ್ಟರು. ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದ ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು. ಬಿಟ್ಟುಕೊಡುವಷ್ಟು ಅವರ ಹತ್ತಿರ ಇತ್ತಲ್ಲ.

ಮೀಸೆ ಬಂದ ಮೈದುನರು ನನ್ನನ್ನು ಅವ್ವಾ ಎಂದು ಕರೆದು ಚಾ ಕೇಳುವಾಗ ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ತಪ್ಪಲಿಲ್ಲ. ಸಂಜೆ ಬಸ್ಸಿನ ಸದ್ದು ಕೇಳಿದ ಕೂಡಲೇ ಕೂಸನ್ನು ಕಟ್ಟೆಗೆ ತಂದು, ಅವ್ವ ಬಂದಳು ನೋಡು ಎಂದು ಬೆರಳು ತೋರಿಸುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ, ನಾನು ಇನ್ನೂ ಓಣಿಯಲ್ಲಿರುವಾಗಲೇ ಮಗಳು ನನ್ನನ್ನು ನೋಡಿ ‘ಅವ್ವ’ ಅಂದಳು. ಚೀಲ ಅಲ್ಲೇ ಇಳಿಸಿ ಓಡಿದೆ. ಬಾಜು ಮನೆಯವರಿಗೂ ಕೇಳಲಿ ಎಂದು ಮತ್ತೆ ಮತ್ತೆ ಅನ್ನಿಸಿದೆ. ಅವತ್ತು ಅತ್ತೆಯ ಎದುರು ನನ್ನ ನಡಿಗೆಯೇ ಬೇರೆಯಾಗಿತ್ತು.

ಆದರೆ ರೂಢಿ ಎಂಬುದು ಕೂಸಿನ ಎದುರಿಗಷ್ಟೇ ನಿಲ್ಲಲಿಲ್ಲ. ಒಂದು ರವಿವಾರ ಮಧ್ಯಾಹ್ನ ಮಗಳು ತೊಟ್ಟಿಲಲ್ಲಿ ಮಲಗಿದ್ದಳು. ಊಟಕ್ಕೆ ಕೂತಿದ್ದ ಸಣ್ಣ ಮೈದುನ, ಆಯಿ ಇನ್ನೊಂದು ರೊಟ್ಟಿ ಹಾಕು ಅಂದ. ಅತ್ತೆ ಕೈ ತಡೆದರು.

“ಕೂಸು ಮಲಗೇತೋ. ಈಗಾದ್ರೂ ಅವ್ವ ಅನ್ನು.”

ಅವನು ನಕ್ಕು, ಬಾಯಿಗೆ ಅದೇ ಬರುತ್ತದೆ, ಏನು ಮಾಡಲಿ ಅಂದ. ಅವರೂ ನಕ್ಕರು, ರೊಟ್ಟಿ ಹಾಕಿದರು. ಆದರೆ ಹಂಚಿನ ಮೇಲಿದ್ದ ಇನ್ನೊಂದು ರೊಟ್ಟಿ ಸೀದು ಕರ್ರಗಾಯಿತು. ಅವರ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲು ರೊಟ್ಟಿ ತಿನ್ನಿಸುತ್ತಿದ್ದೆ. ಅತ್ತೆ ಇನ್ನೂ ಒಲೆಯ ಮುಂದೆಯೇ ಇದ್ದರು. ಮದುವೆಯಾದಾಗಿನಿಂದ ಅವರನ್ನು ಅತ್ತಿ ಎಂದೇ ಕರೆಯುತ್ತಿದ್ದ ನನ್ನ ಬಾಯಿಂದ ಬೇರೆ ಮಾತು ಬಂತು.

“ಅವ್ವಾ, ನೀವೂ ಉಣ್ಣಾಕ ಬರ್ರಿ.”

ಅವರು ತಿರುಗಿ ನೋಡಿದರು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡಿದ್ದ ಮಗಳೂ ನನ್ನ ಬಾಯಿ ನೋಡಿದಳು, ಅವರನ್ನು ನೋಡಿದಳು. ಎರಡೂ ಕೈ ಅವರ ಕಡೆ ಚಾಚಿ ‘ಅವ್ವಾ’ ಅಂದಳು. ತೊಡೆಯಿಂದ ಜಾರಿ ಹೋಗಿಯೂ ಬಿಟ್ಟಳು. ಅಷ್ಟು ತಿಂಗಳು ಕಷ್ಟಪಟ್ಟು ಗೆದ್ದದ್ದನ್ನು ನನ್ನ ಬಾಯೇ ಕಳೆಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕಣ್ಣನ್ನೂ ಒರೆಸಿಕೊಂಡರು.

ಹೊಟ್ಟೆ ಉರಿಯಿತೇ ಅಂದರೆ, ಚೆನ್ನಾಗಿಯೇ ಉರಿಯಿತು. ಮರುದಿನ ಬೆಳಿಗ್ಗೆಯೂ ಆರಿರಲಿಲ್ಲ. ಆದರೂ ಬಾಗಿಲಲ್ಲಿ ನಿಂತು, ‘ಅವ್ವಾ, ಹೋಗಿ ಬರ್ತೇನ್ರಿ’ ಎಂದೆ. ಒಳಗಿನಿಂದ ಮಗಳೂ ‘ಅವ್ವಾ’ ಎಂದು ಕೂಗಿದಳು. ಯಾರನ್ನು ಕೂಗಿದಳೋ ನೋಡಲು ನಿಲ್ಲಲಿಲ್ಲ, ಬಸ್ಸು ಬಂದಿತ್ತು.