ಕರಿಕೆಯ ಗುಂಡಿ ಮತ್ತು ನಮ್ಮನೆಯವರು

ನಮ್ಮನೆಯವರ ಹೆಸರು ಸಣ್ಣಸ್ವಾಮಿ. ಮಾವನ ಕಾಲದಲ್ಲಿ ಅರಕಲಗೂಡು ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದು ಗದ್ದೆ ಮಾಡಿದ ಮನೆತನ ನಮ್ಮದು. ಇವರದು ಮೋಟಾರ್ ರಿಪೇರಿ ಅಂಗಡಿ. ಬೇರೆ ಗಂಡಸರು ಭಾನುವಾರ ಬಂತೆಂದರೆ ಕೋಳಿ ತರುತ್ತಾರೆ, ಉಂಡು ಗೊರಕೆ ಹೊಡೆಯುತ್ತಾರೆ. ನನ್ನ ಪಾಲಿಗೆ ಬಂದ ಮಹರಾಯರು ಹಾರೆ ಹಿಡಿದು ಮೊದಲ ಬಸ್ಸಿಗೆ ಹೊರಡುತ್ತಿದ್ದರು, ದೂರದ ಕರಿಕೆ ಎಂಬ ಊರಲ್ಲಿ ಗುಂಡಿ ಅಗೆಯಲು. ಕೂಲಿಯಿಲ್ಲ, ಸಂಬಳವಿಲ್ಲ, ಬಸ್ ಚಾರ್ಜೂ ಕೈಯಿಂದಲೇ.

ಗುಂಡಿ ಪೂವಯ್ಯನವರ ಮೆಣಸಿನ ತೋಟದ್ದು. ಒಂದು ಕೆಟ್ಟ ಮಳೆಗಾಲದಲ್ಲಿ ಅಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದಿತ್ತು. ಕೆಂಪುಕಲ್ಲಿನ ಅಡಿಯಲ್ಲಿ ನೀರು ಮಣ್ಣು ತಿಂದುಕೊಂಡು ಹೋಗಿ ಗವಿ ಮಾಡಿರುತ್ತದಂತೆ. ಕುಸಿದ ಮಣ್ಣು ತೆಗೆದರೆ ಗವಿಯ ದಾರಿ ಸಿಗುತ್ತದಂತೆ. ಹೀಗೆಂದು ಇವರ ತಲೆ ಕೆಡಿಸಿದವನು ಪ್ರಜ್ಞೇಶ್, ವಿರಾಜಪೇಟೆ ಕಡೆಯ ಹೋಂಸ್ಟೇ ಒಂದರ ಟ್ರೆಕ್ಕಿಂಗ್ ಗೈಡು. ಗವಿ ಹುಡುಕುವ ಹುಚ್ಚಿನ ನಾಲ್ಕಾರು ಜನರ ಗುಂಪು ಕಟ್ಟಿದ್ದ. ಆ ಹೋಂಸ್ಟೇಗೆ ಪಂಪ್ ರಿಪೇರಿಗೆಂದು ಹೋದ ಇವರು ಆ ಗುಂಪಿಗೆ ಸೇರಿಕೊಂಡು ವಾಪಸ್ಸು ಬಂದರು.

"ಒಳಗಿಂದ ತಣ್ಣಗೆ ಗಾಳಿ ಬತ್ತದೆ ಕಣೆ ಮುತ್ತಮ್ಮ. ಗಾಳಿ ಬತ್ತದೆ ಅಂದ್ರೆ ಒಳಗೆ ಜಾಗ ಅದೆ. ಇವತ್ತಿನವರ್ಗೂ ಒಬ್ಬ ಮನುಷ್ಯ ಕಾಲಿಕ್ಕದೆ ಇರೋ ಜಾಗ!"

"ಕಾಲಿಕ್ಕಿ ಏನ್ ಮಾಡ್ತೀರಿ?"

"ಏನೂ ಮಾಡಲ್ಲ. ಇಕ್ಕೋದಷ್ಟೆ."

ಇಂಥವರ ಜೊತೆ ಜಗಳವಾಡಿ ಏನು ಸುಖ? ಆದರೂ ಆಡುತ್ತಿದ್ದೆ. ಬಯ್ದುಕೊಂಡೇ ಕೆಮ್ಮಣ್ಣಿನ ಅಂಗಿ ಉಜ್ಜುತ್ತಿದ್ದೆ. ಗುಂಡಿಯ ತಳದಲ್ಲಿ ಮಂಡಿಯೂರಿ ಅಗೆಯುವವರು ಇವರೊಬ್ಬರೇ. ಮಿಕ್ಕವರು ಮೇಲೆ ಸಾಲಾಗಿ ನಿಂತು ಬಕೆಟ್ ದಾಟಿಸುವವರು. ಅದಕ್ಕೇ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ದಾರಿ ತೆರೆದ ದಿನ ಮಣ್ಣು ಹೊತ್ತವರೆಲ್ಲ ಬಂದು ಸೇರಬೇಕು, ಅಲ್ಲಿಯವರೆಗೆ ಯಾರೂ ಒಳಗೆ ಹೋಗಕೂಡದು. ಎಲ್ಲರೂ ಸೇರಿದ ಮೇಲೆ ಮೊದಲ ಹೆಜ್ಜೆ ತಳದಲ್ಲಿ ಅಗೆದವನದು. ನಮ್ಮನೆಯವರದು, ಅಂದರೆ.

ಈ ಮಾಘದಲ್ಲಿ ದಾರಿ ತೆರೆಯಿತು. ಹಾರೆ ಆಚೆಗೆ ತೂರಿಕೊಂಡು ಹೋಯಿತಂತೆ. ಟಾರ್ಚು ಬಿಟ್ಟರೆ ಉದ್ದಕ್ಕೂ ನುಣ್ಣನೆಯ ಕೆಸರಿನ ನೆಲ, ಇರುವೆ ಹರಿದ ಗುರುತೂ ಇಲ್ಲ. ತೂರಲು ಜಾಗವಿತ್ತು, ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ನೋಡಲು ಹಚ್ಚಿಟ್ಟ ಮೇಣದಬತ್ತಿಯೂ ಆರದೆ ಉರಿಯಿತು. ಅಂದು ಪ್ರಜ್ಞೇಶನಿಗೆ ಜ್ವರ, ಅವನೊಬ್ಬ ಬಂದಿರಲಿಲ್ಲ. ಗುಂಪಿನ ಅಶ್ವಿತಾ, "ನೀವು ಹೋಗಿ ಅಣ್ಣಾ, ಅವನೇನೂ ಅಂದ್ಕೊಳ್ಳಲ್ಲ" ಎಂದಳಂತೆ. ನಮ್ಮ ಧರ್ಮರಾಯರು ಕೇಳಬೇಕಲ್ಲ! ಗವಿಯ ಬಾಯಿಗೆ ಹಲಗೆ ಮುಚ್ಚಿ, ಅವನಿಗೆ ತಾವೇ ಫೋನು ಮಾಡಿದರು. "ಸಿಕ್ತು ಕಣಪ್ಪ. ನೀನು ಹುಷಾರಾಗು. ಬರೋ ವಾರ ಎಲ್ಲ ಒಟ್ಟಿಗೇ ಹೋಗವ."

ಆ ವಾರವಿಡೀ ಇವರ ಮುಖ ನೋಡಬೇಕಿತ್ತು. ಮದುವೆಯಲ್ಲೂ ಅಷ್ಟು ಕಳೆ ಇರಲಿಲ್ಲ. ಭಾನುವಾರ ನನ್ನನ್ನೂ ಹೊರಡಿಸಿದರು.

ತೋಟದ ಬೇಲಿಯಲ್ಲೇ ಪೂವಯ್ಯನವರು ಸಿಕ್ಕಿದರು. "ಎಂಥ ಮಾರಾಯ್ರೆ, ಬುಧವಾರ ಪ್ರಜ್ಞೇಶ ಇಬ್ರನ್ನ ಕರ್ಕೊಂಡು ಬಂದಿದ್ನಲ್ಲ, ನೀವ್ಯಾಕೆ ಬರ್ಲಿಲ್ಲ?"

ನಾನು ಇವರ ಮುಖ ನೋಡಿದೆ. ಇವರು ನಕ್ಕರು. "ಮೇಲಿಂದ ತೋರ್ಸಕ್ಕೆ ಬಂದಿರ್ತಾನೆ ಬುಡಿ" ಎಂದು ಸರಸರ ಕೆಳಗಿಳಿದರು.

ಅಷ್ಟೇ ಬೇಗ ಮೇಲೆ ಬಂದರು. ಒಂದು ಬುಟ್ಟಿಯ ಮೇಲೆ ಕೂತು ಅಂಗೈ ಉಜ್ಜಿಕೊಳ್ಳತೊಡಗಿದರು.

"ಏನಾಯ್ತ್ರೀ?"

"ಬರೀ ಬೂಟಿನ ಗುರ್ತು ಕಣೆ. ಕಣ್ಣು ಹೋದಷ್ಟು ದೂರ."

ಇಷ್ಟು ದಿನ ನಾನು ಬಯ್ದ ಗುಂಡಿಯೇ ಅದು. ಆದರೂ ನನ್ನದೇ ಏನೋ ಕಸಿದುಕೊಂಡಂತೆ ಅಳು ಬಂತು.

ಪ್ರಜ್ಞೇಶ್ ಗುಂಪಿನವರೊಂದಿಗೆ ನಗುತ್ತಾ ಬಂದ. ಇವರ ಮುಖ ಕಂಡು ತೊದಲಿದ. "ಅಣ್ಣಾ, ಗೆಸ್ಟ್ ಹತ್ರ ಒಳ್ಳೇ ಕ್ಯಾಮೆರಾ ಇತ್ತು, ಅವ್ರು ಗುರುವಾರ ಹೊರಟುಬಿಡ್ತಿದ್ರು... ಸುಮ್ನೆ ಒಂದು ರೌಂಡ್ ಹೋಗಿ ಬಂದ್ವಿ ಅಷ್ಟೆ."

"ಜ್ವರದಲ್ಲಿ ಬಿದ್ದಿದ್ದ ನಿನಗೋಸ್ಕರ ಬಾಗ್ಲಲ್ಲಿ ನಿಂತಿದ್ದು ವಾಪಸ್ ಬಂದ್ರಲ್ಲೋ!" ಎಂದೆ. "ನಾಚ್ಕೆ ಆಗಲ್ವಾ ನಿಂಗೆ?"

"ಅಕ್ಕಾ, ಇನ್ನೂ ಯಾರ್ಗೂ ವಿಡಿಯೋ ತೋರ್ಸಿಲ್ಲ. ಒದ್ದೆ ಗೋಣಿ ಎಳೆದ್ರೆ ಹೆಜ್ಜೆ ಎಲ್ಲಾ ಹೋಗ್ತದೆ. ಅಣ್ಣನೇ ಮೊದ್ಲು ಹೋಗೋ ತರ ಇನ್ನೊಂದ್ಸಲ ಶೂಟ್ ಮಾಡೋಣ. ಯಾರಿಗೆ ಗೊತ್ತಾಗ್ತದೆ?"

ಈಗ ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡೆ. ಬಾರಿಸಲೆಂದು ದೇವರನ್ನೂ ಬೇಡಿಕೊಂಡೆ.

"ನಂಗೊತ್ತಾಯ್ತದಲ್ಲಪ್ಪ" ಎಂದರು ಇವರು. ಅಷ್ಟೇ.

ಪ್ರಜ್ಞೇಶ್ ಗುಂಪಿನವರತ್ತ ತಿರುಗಿದ. ಆಮೇಲೆ, "ಹಂಗಾದ್ರೆ ವಿಡಿಯೋದಲ್ಲಿ ಅಶ್ವಿತಾನೇ ಮೊದ್ಲು ಹೋಗ್ಲಿ" ಎಂದ. ಅವಳು ಇವರ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಹೆಲ್ಮೆಟ್ ಹಾಕಿಕೊಂಡಳು. ಯಾರೋ ಗೋಣಿ ಒದ್ದೆ ಮಾಡಿದರು.

"ಅಣ್ಣಾ, ಸ್ವಲ್ಪ ಲೈಟ್ ಹಿಡೀತೀರಾ?" ಎಂದ ಪ್ರಜ್ಞೇಶ್.

ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಎದ್ದಿದ್ದರು. ದೀಪ ತೆಗೆದುಕೊಂಡು ಇಳಿದರು. ನಾನು ಅಂಚಿನಲ್ಲಿ ಕೂತು ಕೇಳಿಸಿಕೊಂಡೆ. "ಇನ್ನೊಂಚೂರು ಮೇಲೆ ಅಣ್ಣಾ" ಎಂದ ಅವನು. "ಇಷ್ಟು ಸಾಕಾ?" ಎಂದರು ನಮ್ಮನೆಯವರು. ಅವನ ಮೇಲಿದ್ದ ಸಿಟ್ಟೆಲ್ಲ ಆಗ ಇವರ ಮೇಲೆ ತಿರುಗಿತು.